ಗಟಾರದ ನೀರು ಮನೆಯೊಳಗೆ ಬಂದ ಮೇಲೆ ಓಣಿಯವರೆಲ್ಲ ಸೇರಿದ್ದೇವೆ. ಪಾಲಿಕೆ ಕೆಲಸದಲ್ಲಿ ನಮ್ಮ ಮಾತೂ ನಡೆಯಬೇಕಾದರೆ ಏನು ಮಾಡಬೇಕು?

ಕೊನೆಮನೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ನಮ್ಮದು ಓಣಿಯ ಕೊನೆ ಮನೆ, ಇಳಿಜಾರಿನ ತುದಿಯಲ್ಲಿದೆ. ಬಡಾವಣೆ ಹೆಸರು, ವಾರ್ಡ್ ನಂಬರ್ ಬೇಡ. ಯಾರನ್ನೂ ದೂರೋಕೆ ಬರೆಯುತ್ತಿಲ್ಲ, ದಾರಿ ಕೇಳೋಕೆ ಬರೆಯುತ್ತಿದ್ದೇನೆ.

ಈ ಸಲ ರೋಹಿಣಿ ಮಳೆ ಒಂದೇ ತಾಸು ಹೊಡೆಯಿತು. ಅಷ್ಟರಲ್ಲೇ ಗಟಾರ ತುಂಬಿ ನೀರು ಹೊಸ್ತಿಲು ದಾಟಿತು. ಕಪಾಟಿನ ಕೆಳಗಿನ ಖಾನೆಯಲ್ಲಿ ಎಂಟು ಜಂಪರ್ ಬಟ್ಟೆ ಇಟ್ಟಿದ್ದೆ. ಅದರಲ್ಲಿ ಮೂರು ಮದುವೆ ಮನೆಯವರದ್ದು. ಮೂರು ಸಲ ತೊಳೆದೆ, ವಾಸನೆ ಹೋಗಲಿಲ್ಲ. ಕೊನೆಗೆ ಅಂಗಡಿಗೆ ಹೋಗಿ ಅದೇ ಬಣ್ಣದ ಬಟ್ಟೆ ಹುಡುಕಿ ತಂದು ಹೊಲಿದು ಕೊಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಓಣಿಯಲ್ಲಿ 42 ಮನೆ ಇವೆ. ಎರಡು ವರ್ಷದಲ್ಲಿ ಮೂರು ಅರ್ಜಿ ಕೊಟ್ಟಿದ್ದೇವೆ. ಕೊಟ್ಟಾಗಲೆಲ್ಲ ಬಂದು ಗಟಾರ ಸ್ವಚ್ಛ ಮಾಡಿ ಹೋಗುತ್ತಾರೆ. ಮುಂದಿನ ಮಳೆಗೆ ಮತ್ತೆ ತುಂಬುತ್ತದೆ. ಹೋದ ಭಾನುವಾರ ಗುಡಿ ಕಟ್ಟೆಯ ಮೇಲೆ ಮೊದಲ ಸಲ ಎಲ್ಲರೂ ಸೇರಿದೆವು. ಮೂವತ್ತು ಜನ ಬಂದಿದ್ದರು, ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು. ಒಬ್ಬರು ಸಂಘ ಕಟ್ಟೋಣ ಅಂದರು. ಒಬ್ಬರು ಕಾರ್ಪೊರೇಟರ್ ಮನೆಗೆ ಹೋಗೋಣ ಅಂದರು. ಹುಡುಗರು ರಸ್ತೆ ಮೇಲೆ ಕೂರೋಣ ಅಂದರು. ನಿವೃತ್ತ ರೈಲ್ವೆ ನೌಕರರೊಬ್ಬರು ವಾರ್ಡ್ ಸಮಿತಿ ಅಂತ ಒಂದು ಇದೆ ಅಂದರು, ಅದೇನು ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ.

ನನ್ನ ಪ್ರಶ್ನೆ ಒಂದು ಗಟಾರದ್ದಷ್ಟೇ ಅಲ್ಲ. ನಳದ ನೀರು, ಬೀದಿದೀಪ, ಪಾರ್ಕಿಗೆ ಅಂತ ಬಿಟ್ಟು ಮುಳ್ಳುಕಂಟಿ ಬೆಳೆದ ಜಾಗ, ಎಲ್ಲಾ ಇದೆ. ಕೆಲಸ ಶುರು ಮಾಡೋ ಮುಂಚೆ ನಮ್ಮನ್ನೂ ಒಂದು ಮಾತು ಕೇಳಬೇಕು, ಅದಕ್ಕೆ ದಾರಿ ಯಾವುದು? ಸಂಘ ನೋಂದಣಿ ಆಗಲೇಬೇಕಾ? ವಾರ್ಡ್ ಸಮಿತಿಗೆ ನನ್ನಂಥ ಪಿಯುಸಿ ಓದಿದವಳು ಸೇರಬಹುದಾ? ಅನುಭವ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

---

ಗಣಿತ ಟೀಚರ್, ಧಾರವಾಡ

ತಂಗಿ, ನಿಮ್ಮ ಜಂಪರ್ ಬಟ್ಟೆಯ ಮಾತು ಓದಿ ತುಂಬಾ ಬೇಜಾರಾಯಿತು. ನಾನು ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಈಗ ನಮ್ಮ ವಾರ್ಡ್ ಸಮಿತಿಯಲ್ಲಿದ್ದೇನೆ. ಸಮಿತಿ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನೀವು ಬರೆದ ಒಂದು ಸಾಲಿನ ಬಗ್ಗೆ ಮಾತಾಡಬೇಕು. "ಸ್ವಚ್ಛ ಮಾಡಿ ಹೋಗುತ್ತಾರೆ, ಮತ್ತೆ ತುಂಬುತ್ತದೆ."

ನಮ್ಮ ಓಣಿಯಲ್ಲೂ ನಾಲ್ಕು ವರ್ಷ ಇದೇ ನಡೆಯಿತು. ನಾವೂ "ಗಟಾರ ಸ್ವಚ್ಛ ಮಾಡಿಸಿಕೊಡಿ" ಅಂತಲೇ ಅರ್ಜಿ ಬರೆಯುತ್ತಿದ್ದೆವು. ಕೇಳಿದ್ದು ಕೊಟ್ಟರು, ಸ್ವಚ್ಛ ಮಾಡಿದರು. ರೋಗ ಬೇರೆಯೇ ಇತ್ತು. ಅದನ್ನು ನನಗೆ ತೋರಿಸಿದ್ದು ನಮ್ಮ ಓಣಿಗೆ ಬರುವ ಪೌರಕಾರ್ಮಿಕ ಹೆಣ್ಣುಮಗಳು. ಒಂದು ಮುಂಜಾನೆ ಚಹಾ ಕೊಟ್ಟು ಮಾತಾಡಿಸಿದೆ. "ಅಕ್ಕಾರ, ಇಲ್ಲಿ ರಾಡಿ ಎಷ್ಟ್ ತೆಗದ್ರೂ ಅಷ್ಟs. ಆ ತಿರುವಿನಾಗ ಸಿಡಿ ಎತ್ತರ ಆಗೇತಿ, ನೀರು ಹಿಂದಕ್ಕ ಬರ್ತೈತಿ" ಅಂದಳು. ಸಿಡಿ ಅಂದರೆ ರಸ್ತೆ ಅಡ್ಡ ದಾಟುವ ಮೋರಿ. ಆಕೆ ಮೂರು ವರ್ಷದಿಂದ ಅದೇ ಜಾಗದಲ್ಲಿ ಸಲಿಕೆ ಹಿಡಿದು ನಿಲ್ಲುತ್ತಿದ್ದಳು. ನಾವು ಒಬ್ಬರೂ ಆಕೆಯನ್ನು ಕೇಳಿರಲಿಲ್ಲ.

ಅವತ್ತೇ ಸಂಜೆ ನಮ್ಮ ಓಣಿಯ ಗೌಂಡಿಗೆ ಹೇಳಿದೆ. ಭಾನುವಾರ ಬೆಳಿಗ್ಗೆ ಅವನು ಲೆವೆಲ್ ಪೈಪ್ ತಂದ. ನೀವು ಮನೆ ಕಟ್ಟಿಸುವಾಗ ನೋಡಿರುತ್ತೀರಿ, ಒಳಗಿನ ನೀರು ಕಾಣುವ ಉದ್ದನೆಯ ಪ್ಲಾಸ್ಟಿಕ್ ಪೈಪು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ತುದಿ ನಮ್ಮ ಗೇಟಿನ ಹತ್ತಿರ ಒಬ್ಬ ಹುಡುಗ ಹಿಡಿದ, ಇನ್ನೊಂದು ತುದಿ ಸಿಡಿ ಹತ್ತಿರ ಗೌಂಡಿ ಹಿಡಿದ. ಆ ಮಟ್ಟದಿಂದ ಕೆಳಕ್ಕೆ ಟೇಪ್ ಬಿಟ್ಟೆವು. ನಮ್ಮ ಕಡೆ ಗಟಾರದ ತಳ 4 ಅಡಿ 2 ಇಂಚು ಕೆಳಗಿತ್ತು. ಸಿಡಿಯ ತಳ 3 ಅಡಿ 10 ಇಂಚು. ಅಂದರೆ ನೀರು ಮುಂದೆ ಹೋಗಬೇಕಾದರೆ 4 ಇಂಚು ಮೇಲೇರಬೇಕು! ಎಷ್ಟು ಹೂಳೆತ್ತಿದರೆ ಏನು ಬಂತು?

ಅಳೆಯುವಾಗ ಇನ್ನೊಂದು ಕಂಡಿತು. 26 ಮನೆಯಲ್ಲಿ 11 ಮನೆಯವರು ಗಟಾರದ ಮೇಲೆ ಫರಸಿ ಹಾಕಿ ಸಿಮೆಂಟ್ ಮೆತ್ತಿದ್ದೆವು. ಗಾಡಿ ಹತ್ತಿಸೋಕೆ ಅನುಕೂಲ ಅಂತ. ಅದರ ಕೆಳಗೆ ಸಲಿಕೆ ಹೋಗುವುದೇ ಇಲ್ಲ. ನಮ್ಮ ಮನೆ ಮುಂದೆಯೂ ಎರಡು ಫರಸಿ ಇತ್ತು. ಅದನ್ನು ಮೊದಲು ತೆಗೆಸಿದೆ. ಸಿಮೆಂಟ್ ಒಡೆದು, ಎತ್ತಿ ಇಡುವ ಹಾಗೆ ಬಿಡಿ ಫರಸಿ ಹಾಕಿಸಿದೆ. ಹದಿನೈದು ದಿನದಲ್ಲಿ ಎಂಟು ಮನೆಯವರು ತೆಗೆಸಿದರು. ಉಳಿದ ಮೂವರು ಒಪ್ಪೋಕೆ ಎರಡು ತಿಂಗಳು ಬೇಕಾಯಿತು. ಒಬ್ಬರ ಜೊತೆ ಮಾತೇ ನಿಂತುಹೋಗಿತ್ತು, ಪಂಚಮಿಗೆ ಉಂಡಿ ಕೊಡೋಕೆ ಹೋದಾಗ ಸರಿಯಾಯಿತು.

ಆಮೇಲೆ ಹೊಸ ಅರ್ಜಿ ಬರೆದೆವು. "ಸ್ವಚ್ಛ ಮಾಡಿ" ಅಂತ ಬರೆಯಲಿಲ್ಲ. ಯಾವ ತಿರುವಿನಲ್ಲಿ ಸಿಡಿ ಎಷ್ಟು ಇಂಚು ಎತ್ತರ ಇದೆ, ನಾವು ಹೇಗೆ ಅಳೆದೆವು, ಯಾವ ದಿನ ಯಾವ ಮನೆಗೆ ನೀರು ಬಂತು, ನಮ್ಮ ಕಡೆಯಿಂದ ಎಷ್ಟು ಫರಸಿ ತೆಗೆದಿದ್ದೇವೆ, ಇಷ್ಟೇ. ಒಂದೂವರೆ ಪುಟ ಮತ್ತು ಒಂದು ನಕ್ಷೆ. ನಕ್ಷೆ ಬಿಡಿಸಿದ್ದು ಒಂಬತ್ತನೇ ತರಗತಿ ಹುಡುಗಿ. ಎಂಜಿನಿಯರ್ ಬಂದರು. ಕಿರಿಯ ವಯಸ್ಸಿನವರು. ನಮ್ಮ ಹಾಳೆ ನೋಡಿದರು, ಮಾತಾಡಲಿಲ್ಲ. ಸಿಡಿ ಹತ್ತಿರ ಮೊಣಕಾಲೂರಿ ತಮ್ಮ ಟೇಪ್ ಇಳಿಸಿದರು. ಅವರಿಗೂ ನಾಲ್ಕೇ ಇಂಚು ಬಂತು. ಪೆನ್ಸಿಲ್‌ನಿಂದ ಡೈರಿಯಲ್ಲಿ ಬರೆದುಕೊಂಡು, "ಮೇಡಂ, ಈ ಸಿಡಿ ಹೊಸದು. ಗುತ್ತಿಗೆದಾರರ ಹೊಣೆ ಇನ್ನೂ ಮುಗಿದಿರಲಿಕ್ಕಿಲ್ಲ" ಅಂದರು.

ಆ ಒಂದು ಮಾತೇ ನಮಗೆ ಬಾಗಿಲಾಯಿತು. ಮಾಹಿತಿ ಹಕ್ಕಿನಲ್ಲಿ ಆ ಕೆಲಸದ ಎಸ್ಟಿಮೇಟ್, ಕಾರ್ಯಾದೇಶ (ಕೆಲಸ ಶುರು ಮಾಡಿ ಅಂತ ಗುತ್ತಿಗೆದಾರರಿಗೆ ಕೊಟ್ಟ ಆದೇಶ), ಅಳತೆ ಪುಸ್ತಕ (ಎಷ್ಟು ಕೆಲಸ ಆಯಿತು ಅಂತ ಎಂಜಿನಿಯರ್ ಅಳೆದು ಬರೆಯುವ ಪುಸ್ತಕ), ಇವುಗಳ ಪ್ರತಿ ಕೇಳಿದೆವು. ಕೆಲಸ ಮುಗಿದ ಮೇಲೂ ಇಂತಿಷ್ಟು ದಿನ ದೋಷ ಕಂಡರೆ ಗುತ್ತಿಗೆದಾರರೇ ಸರಿ ಮಾಡಿಕೊಡಬೇಕು ಅಂತ ಕರಾರಿನಲ್ಲಿ ಇರುತ್ತದೆ. ಎಂಜಿನಿಯರುಗಳು ಅದಕ್ಕೆ ಡಿಎಲ್‌ಪಿ ಅನ್ನುತ್ತಾರೆ. ನಮ್ಮದಕ್ಕೆ ಇನ್ನೂ ಏಳು ತಿಂಗಳು ಬಾಕಿ ಇತ್ತು. ಅವರೇ ತಳ ಒಡೆದು ಮತ್ತೆ ಹಾಕಿಕೊಟ್ಟರು. ಅಳತೆ ಮಾಡಿದ ದಿನದಿಂದ ಲೆಕ್ಕ ಹಾಕಿದರೆ ಐದು ತಿಂಗಳು ಹಿಡಿಯಿತು. ಕೆಲಸ ನಡೆದ ಎರಡು ದಿನವೂ ಓಣಿಯ ಇಬ್ಬಿಬ್ಬರು ಪಾಳಿ ಹಾಕಿಕೊಂಡು ಅಲ್ಲೇ ಕುರ್ಚಿ ಹಾಕಿ ಕೂತಿದ್ದೆವು. ಜಗಳಕ್ಕಲ್ಲ. ನೀರು ಬೇಕಾದರೆ ನೀರು, ಚಹಾ ಬೇಕಾದರೆ ಚಹಾ. ಕಾಂಕ್ರೀಟ್ ಹಾಕೋ ಮುಂಚೆ ಲೆವೆಲ್ ಪೈಪ್ ಒಮ್ಮೆ ಹಿಡಿದು ನೋಡಿದೆವು.

ಈಗ ವಾರ್ಡ್ ಸಮಿತಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದರ 243ಎಸ್ ವಿಧಿ ಹೇಳುತ್ತದೆ. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಜನಗಣತಿಯಲ್ಲೇ 9.43 ಲಕ್ಷ. 2021ರ ಚುನಾವಣೆ ನಡೆದದ್ದು 82 ವಾರ್ಡುಗಳಿಗೆ. ಒಂದು ವಾರ್ಡಿಗೆ ಸರಾಸರಿ ಹನ್ನೊಂದೂವರೆ ಸಾವಿರ ಜನ ಆಯಿತು, ಅಲ್ವಾ? ಇಷ್ಟು ಜನರ ಕಷ್ಟ ಒಬ್ಬ ಕಾರ್ಪೊರೇಟರ್ ಒಬ್ಬರೇ ನೋಡೋಕೆ ಆಗುವುದಿಲ್ಲ. ಅದಕ್ಕೇ ಸಮಿತಿ. ಕರ್ನಾಟಕ ಪೌರನಿಗಮಗಳ ಕಾಯ್ದೆ 1976ರದ್ದು. ವಾರ್ಡ್ ಸಮಿತಿಯ ವಿಷಯ ಅದಕ್ಕೆ ಆಮೇಲೆ ತಿದ್ದುಪಡಿ ಮಾಡಿ ಸೇರಿಸಿದ್ದು, ನಿಯಮ ಬಂದದ್ದು 2016ರಲ್ಲಿ. ಆಯಾ ವಾರ್ಡಿನ ಕಾರ್ಪೊರೇಟರ್ ಅಧ್ಯಕ್ಷರು. ಅವರ ಜೊತೆ ಹತ್ತು ಜನ ಸದಸ್ಯರು. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ವಾರ್ಡಿಗೆ ಏನು ಬೇಕು ಅಂತ ಯೋಜನೆ ಮಾಡುವುದು, ನೀರು, ಕಸ, ದೀಪದ ಕೆಲಸ ಸರಿ ನಡೆಯುತ್ತಿದೆಯಾ ನೋಡುವುದು ಸಮಿತಿಯ ಕೆಲಸ.

ಪಿಯುಸಿ ಓದಿದವಳು ಅಂತ ಯಾಕೆ ಅಳುಕುತ್ತೀರಿ? ಡಿಗ್ರಿ ಇದ್ದವರೇ ಆಗಬೇಕು ಅಂತ ಎಲ್ಲೂ ಇಲ್ಲ. ನೀವು ಅದೇ ವಾರ್ಡಿನ ಮತದಾರರಾಗಿರಬೇಕು, ಅಷ್ಟೇ ಮುಖ್ಯ. ನಮ್ಮ ಸಮಿತಿಯಲ್ಲಿ ಹೂವು ಮಾರುವ ಒಬ್ಬ ತಾಯಿ ಇದ್ದಾರೆ. ಬೆಳಗಿನ ಐದಕ್ಕೆ ಯಾವ ಕಂಬದ ದೀಪ ಉರಿಯುತ್ತಿಲ್ಲ ಅನ್ನೋದು ಅವರಷ್ಟು ಯಾರಿಗೂ ಗೊತ್ತಿಲ್ಲ. ನಿಮ್ಮ ವಲಯ ಕಚೇರಿಗೆ ಹೋಗಿ ಮೂರು ವಿಷಯ ಕೇಳಿ: ನಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆ, ಕಾರ್ಯದರ್ಶಿ ಯಾರು, ಮುಂದಿನ ಸಭೆ ಎಂದು. ಖಾಲಿ ಜಾಗ ಇದ್ದರೆ ಅರ್ಜಿ ಕೊಡಿ. ಇಲ್ಲದಿದ್ದರೂ ಇದ್ದ ಸದಸ್ಯರ ಮೂಲಕ ನಿಮ್ಮ ವಿಷಯ ಸಭೆಗೆ ತರಬಹುದು. ಒಂದು ಎಚ್ಚರ: ಸಭೆಯಲ್ಲಿ ಬಾಯಿಮಾತಿನಲ್ಲಿ ಒಪ್ಪಿದ್ದು ಉಳಿಯುವುದಿಲ್ಲ. ನಡಾವಳಿಯಲ್ಲಿ, ಅಂದರೆ ಸಭೆಯ ದಾಖಲೆಯಲ್ಲಿ ಬರೆಸಿ, ಅದರ ಪ್ರತಿ ಇಸಿದುಕೊಳ್ಳಿ. ನಾನು ಅದಕ್ಕಾಗಿಯೇ ಇನ್ನೂರು ಪುಟದ ಲಾಂಗ್ ಬುಕ್ ಇಟ್ಟಿದ್ದೇನೆ. ಎಡಗಡೆ ನಾವು ಕೇಳಿದ್ದು, ಬಲಗಡೆ ಆದದ್ದು. ಬಲಗಡೆ ಖಾಲಿ ಇದ್ದ ಸಾಲು ಮುಂದಿನ ಸಭೆಯಲ್ಲಿ ಮೊದಲು ಓದುತ್ತೇನೆ.

ಇನ್ನೊಂದು ಮರೆಯಬೇಡಿ. ನಿಮ್ಮ ಬಡಾವಣೆ ಖಾಸಗಿಯವರು ಮಾಡಿದ್ದಾ? ಹಾಗಿದ್ದರೆ ಪಾಲಿಕೆಗೆ ಹಸ್ತಾಂತರ ಆಗಿದೆಯಾ ಅಂತ ಮೊದಲು ತಿಳಿದುಕೊಳ್ಳಿ. ಆಗದಿದ್ದರೆ ಅಲ್ಲಿ ಹಣ ಹಾಕೋಕೆ ಪಾಲಿಕೆಗೆ ತೊಡಕಾಗುತ್ತದೆ, ನೀವು ತಪ್ಪು ಬಾಗಿಲು ಬಡಿಯುತ್ತಾ ಇರುತ್ತೀರಿ. ಆಗ ನವನಗರದ ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ಲೇಔಟ್ ಕಡತ ನೋಡಬೇಕು. ಪಾರ್ಕಿನ ಜಾಗದ ಗಡಿಯೂ ಆ ನಕ್ಷೆಯಲ್ಲೇ ಸಿಗುತ್ತದೆ. ಅದರದ್ದೊಂದು ಪ್ರಮಾಣಿತ ಪ್ರತಿ ಇಟ್ಟುಕೊಳ್ಳಿ. ಮುಳ್ಳುಕಂಟಿ ಬೆಳೆದ ಜಾಗದಲ್ಲಿ ಒಂದು ದಿನ ಯಾರಾದರೂ ಕಾಂಪೌಂಡ್ ಕಟ್ಟೋಕೆ ಬಂದರೆ ಆ ಕಾಗದ ಬೇಕಾಗುತ್ತದೆ.

---

ಝೆರಾಕ್ಸ್ ಅಂಗಡಿ, ಗದಗ

ಅಕ್ಕಾರೆ, ಟೀಚರ್ ಹೇಳಿದ್ದೆಲ್ಲ ಖರೆ. ನಾನು ಗದಗದಲ್ಲಿ ಕಚೇರಿಗಳ ಹತ್ತಿರ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟು 22 ವರ್ಷ ಆಯಿತು. ಜನರ ಅರ್ಜಿ ಬರೆದುಕೊಡುತ್ತೇನೆ. ಯಾವ ಅರ್ಜಿಗೆ ಕೆಲಸ ಆಯಿತು, ಯಾವುದು ಹಾಗೇ ಬಿದ್ದಿತು ಅಂತ ಜನ ವಾಪಸ್ ಬಂದು ಹೇಳುತ್ತಾರೆ. ಅದರಿಂದ ಕಲಿತದ್ದು ಹೇಳುತ್ತೇನೆ.

ನೀರು, ದೀಪ, ಗಟಾರ, ಪಾರ್ಕು ಎಲ್ಲಾ ಒಂದೇ ಅರ್ಜಿಯಲ್ಲಿ ತುಂಬಬೇಡಿ. ಕಚೇರಿಯಲ್ಲಿ ನೀರಿನ ಟೇಬಲ್ ಬೇರೆ, ದೀಪದ ಟೇಬಲ್ ಬೇರೆ. ನಾಲ್ಕು ವಿಷಯದ ಅರ್ಜಿ ಮೊದಲ ಟೇಬಲ್ಲಿನಲ್ಲೇ ಉಳಿಯುತ್ತದೆ. ವಿಷಯಕ್ಕೊಂದು ಅರ್ಜಿ ಮಾಡಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲ್, ತಾರೀಖು, ಇನ್ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸಾಹೇಬರ ಕೈಯಲ್ಲೇ ಕೊಟ್ಟೆವು ಅಂತ ಎಷ್ಟೋ ಜನ ಖುಷಿಯಿಂದ ಬರುತ್ತಾರೆ. ಮುಂದಿನ ತಿಂಗಳು ಸಾಹೇಬರಿಗೆ ವರ್ಗ ಆಗಿರುತ್ತದೆ. ನಂಬರ್ ಇದ್ದರೆ ಯಾರು ಬಂದರೂ ಕಾಗದ ಹುಡುಕಬಹುದು. ಸಹಿ ಹಾಕುವಾಗ ಬಾಡಿಗೆ ಮನೆಯವರನ್ನೂ ಸೇರಿಸಿ. ಮಳೆ ನೀರು ಅವರ ಮನೆಗೂ ಬರುತ್ತದೆ, ಅವರಿಗೂ ಅಲ್ಲೇ ಓಟು ಇರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೂ ನಮ್ಮ ರಾಜ್ಯದಲ್ಲಿ ಇದೇ ನಿಯಮ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅಲ್ಲೇ ಮೇಲಿನ ಅಧಿಕಾರಿಗೆ ಮೇಲ್ಮನವಿ. "ಯಾಕೆ ಮಾಡಿಲ್ಲ" ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಯಾಕೆಂದರೆ ಅದು ದಾಖಲೆಯಲ್ಲಿ ಇರುವುದಿಲ್ಲ. "ಈ ಕೆಲಸದ ಕಾರ್ಯಾದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ ಕೊಡಿ" ಅಂತ ಕೇಳಿ. ಬರೀ ಕಾಗದ ಅಷ್ಟೇ ಅಲ್ಲ, ನಡೆಯುತ್ತಿರುವ ಕಾಮಗಾರಿ ನೋಡುವ ಹಕ್ಕು, ಹಾಕಿದ ವಸ್ತುವಿನ ಮಾದರಿ ಕೇಳುವ ಹಕ್ಕೂ 2005ರ ಆ ಕಾಯ್ದೆಯಲ್ಲಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ನಮ್ಮ ಗದಗ-ಬೆಟಗೇರಿ ನಗರಸಭೆ. 2011ರಲ್ಲಿ ನಮ್ಮ ಜನಸಂಖ್ಯೆ 1.72 ಲಕ್ಷ. ಹಾಗಾಗಿ ಟೀಚರ್ ಹೇಳಿದ ಮೂರು ಲಕ್ಷದ ಮಾತು ನಮಗೆ ತಾಗುವುದಿಲ್ಲ. ನಾವು ಹಿಡಿದ ದಾರಿ ಬಜೆಟ್ಟಿನದ್ದು. ಹೊಸ ವರ್ಷದ ಲೆಕ್ಕ ಏಪ್ರಿಲ್ 1ಕ್ಕೆ ಶುರು. ಅದಕ್ಕೂ ಮುಂಚೆ ಸಾರ್ವಜನಿಕರ ಸಲಹೆ ಕೇಳೋಕೆ ಸಭೆ ಕರೆಯುತ್ತಾರೆ. ಪತ್ರಿಕೆಯಲ್ಲಿ ಸಣ್ಣದೊಂದು ಪ್ರಕಟಣೆ ಬರುತ್ತದೆ. ನಾನು ಅದನ್ನು ಕತ್ತರಿಸಿ ಅಂಗಡಿ ಗಾಜಿಗೆ ಹಚ್ಚುತ್ತೇನೆ. ಹೋದ ಸಲ ನಮ್ಮ ಓಣಿಯಿಂದ ಆರು ಜನ ಹೋದೆವು. ಸುಮ್ನೆ "ಅಭಿವೃದ್ಧಿ ಮಾಡಿ" ಅನ್ನಲಿಲ್ಲ. "ಈ ಅಂಗನವಾಡಿ ಮುಂದಿನ 60 ಮೀಟರ್ ಗಟಾರಕ್ಕೆ ಮುಚ್ಚಳ ಬೇಕು, ಮಕ್ಕಳು ಬೀಳುತ್ತಾರೆ" ಅಂತ ಬರೆದು ಕೊಟ್ಟೆವು. ಜೊತೆಗೆ ಹಿಂದಿನ ವರ್ಷದ ಬಜೆಟ್ ಪುಸ್ತಕದ ಪ್ರತಿ ಇತ್ತು. ಯಾವ ತಲೆಬರಹದಲ್ಲಿ ಹಣ ಇಟ್ಟಿದ್ದರು, ಎಷ್ಟು ಖರ್ಚಾಯಿತು ಅಂತ ಪೆನ್ನಿನಿಂದ ಗುರುತು ಮಾಡಿದ್ದೆವು. ಆ ಪುಟ ತೆರೆದ ಮೇಲೆ ಲೆಕ್ಕಾಧಿಕಾರಿ ನಮ್ಮ ಮಾತು ಕೂತು ಕೇಳಿದರು.

ನಿಮ್ಮ ಬಡಾವಣೆ ಪಕ್ಕ ಬಡವರ ಕಾಲೊನಿ ಇದ್ದರೆ ಅವರನ್ನೂ ಜೊತೆಗೆ ಕರೆದುಕೊಳ್ಳಿ. ಪಾಲಿಕೆ, ನಗರಸಭೆಗಳು ಶೇ 24.10ರಷ್ಟು ಹಣ ಪರಿಶಿಷ್ಟರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಈ ಹಣ ಇದೆ ಅಂತಲೇ ಅವರಲ್ಲಿ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ನನ್ನ ಅಂಗಡಿಗೆ ತ್ರಿಚಕ್ರ ಗಾಡಿ ಮೇಲೆ ಬರುವ ಒಬ್ಬ ಹುಡುಗನಿಗೆ ಇದನ್ನು ಹೇಳಿದಾಗ ಅವನು "ಅಣ್ಣಾ, ಇನ್ನೊಮ್ಮೆ ಹೇಳ್ರಿ" ಅಂತ ಮೂರು ಸಲ ಕೇಳಿ ಬರೆದುಕೊಂಡ. ಅವನ ಅರ್ಜಿ ಟೈಪ್ ಮಾಡಿದ್ದಕ್ಕೆ ನಾನು ದುಡ್ಡು ತಗೊಳ್ಳಲಿಲ್ಲ.

ಸಂಘದ ನೋಂದಣಿ ಕೇಳಿದ್ದೀರಿ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು. ಅರ್ಜಿ ಕೊಡೋಕೆ ನೋಂದಣಿ ಬೇಕಿಲ್ಲ. ಆದರೆ ಸಂಘದ ಹೆಸರಲ್ಲಿ ವಾರ್ಡ್ ಸಮಿತಿಗೆ ಹೋಗೋಕೆ, ಬ್ಯಾಂಕ್ ಖಾತೆಗೆ ಬೇಕು. ಪ್ರತಿ ವರ್ಷ ಸಭೆ ಮಾಡಿ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಕಳಿಸಬೇಕು. ಅದನ್ನು ಬಿಟ್ಟು ಕೂತ ಸಂಘ ಬಹಳ ನೋಡಿದ್ದೇನೆ. ಲೆಕ್ಕ ಬರೆಯುವವರು ಒಬ್ಬರು ಸಿಕ್ಕ ಮೇಲೆ ನೋಂದಣಿ ಮಾಡಿಸಿ.

---

ಮೆಣಸಿನಕಾಯಿ ಹೊಲ, ಹಾವೇರಿ ಜಿಲ್ಲೆ

ನಮ್ಮದು ಬ್ಯಾಡಗಿ ಕಡೆಯ ಹಳ್ಳಿ, ಪಾಲಿಕೆ ಇಲ್ಲ. ಆದರೂ ಒಂದೆರಡು ಮಾತು ಹೇಳಬೇಕು ಅನ್ನಿಸಿತು.

ನಮಗೆ ಗ್ರಾಮಸಭೆ ಇದೆ. ಅದಕ್ಕೂ ಮುಂಚೆ ವಾರ್ಡ್ ಸಭೆ ಮಾಡಬೇಕು. ವರ್ಷಕ್ಕೆ ಎರಡು ಸಲ ನಡೆಯಲೇಬೇಕು. ನಮ್ಮಲ್ಲಿ ಒಮ್ಮೆ ಕಾಯಿ ಬಿಡಿಸುವ ಹೊತ್ತಿನಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಸಭೆ ಇಟ್ಟರು. ಆ ಹೊತ್ತಿನಲ್ಲಿ ಊರಲ್ಲಿ ಮುದುಕರು ಬಿಟ್ಟರೆ ಯಾರೂ ಇರುವುದಿಲ್ಲ. ಹೆಣ್ಣುಮಕ್ಕಳೆಲ್ಲ ಹೊಲದಲ್ಲಿ. ನಾವು ಸ್ವಸಹಾಯ ಸಂಘದವರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ, "ಸರ್, ಸಂಜೆ ಆರಕ್ಕೆ ಇಡಿ, ನಾವು ಮನೆಮನೆಗೆ ಹೇಳುತ್ತೇವೆ" ಅಂದೆವು. ಒಪ್ಪಿದರು. ಕಣದಲ್ಲಿ ಹರವಿದ ಮೆಣಸಿನಕಾಯಿ ಒಟ್ಟು ಮಾಡಿ, ತಾಡಪತ್ರಿ ಮುಚ್ಚಿ, ಕೈ ಉರಿ ಆರುವ ಮುಂಚೆಯೇ ಬಂದು ಕೂತ ಹೆಣ್ಣುಮಕ್ಕಳೇ 70 ಜನ ಇದ್ದರು. ಬೋರಿಂಗ್ ಹತ್ತಿರದ ಕೆಸರು, ಶಾಲೆಯ ಹೆಣ್ಣುಮಕ್ಕಳ ಶೌಚಾಲಯ, ಸ್ಮಶಾನದ ದಾರಿ, ಇವು ಅವತ್ತೇ ಮೊದಲ ಸಲ ಠರಾವಿನಲ್ಲಿ ಬಂದವು. ಹಾಗಾಗಿ ನಿಮ್ಮ ವಾರ್ಡ್ ಸಮಿತಿ ಸಭೆ ಎಷ್ಟು ಹೊತ್ತಿಗೆ ಅಂತ ಕೇಳಿ. ಹೊಲಿಗೆ, ಕೂಲಿ, ಅಡುಗೆ ಕೆಲಸ ಮಾಡುವವರು ಬರುವ ಹೊತ್ತಿಗೆ ಇಡಿಸಿ.

ನಮ್ಮಲ್ಲಿ ಜಮಾಬಂದಿ ಅಂತ ಒಂದಿದೆ. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಪಂಚಾಯಿತಿಯ ಲೆಕ್ಕಪತ್ರ ಜನರ ಮುಂದೆ ಓದಿ, ಮಾಡಿದ ಕೆಲಸ ಹೋಗಿ ನೋಡುತ್ತಾರೆ. ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ಐದನೇ ತರಗತಿ ಹುಡುಗನೊಬ್ಬ ನಿಂತು, "ನಮ್ಮ ಶಾಲೆ ಮುಂದೆ ಟ್ರ್ಯಾಕ್ಟರ್ ಜೋರಾಗಿ ಹೋಗ್ತಾವು, ಹಂಪ್ ಹಾಕ್ರಿ" ಅಂದ. ಅದು ದೊಡ್ಡವರು ಯಾರಿಗೂ ಹೊಳೆದಿರಲಿಲ್ಲ. ಟೀಚರ್, ನಿಮ್ಮ ಓಣಿಯ ನಕ್ಷೆ ಬಿಡಿಸಿದ ಹುಡುಗಿಯ ಬಗ್ಗೆ ಓದಿ ಇದು ನೆನಪಾಯಿತು.

---

ಕೊನೆಮನೆ, ಹುಬ್ಬಳ್ಳಿ

ಮೂವರಿಗೂ ಕೈಮುಗಿದು ನಮಸ್ಕಾರ. ಇಪ್ಪತ್ತು ದಿನ ಆಯಿತು, ಆದದ್ದು ಹೇಳುತ್ತೇನೆ.

ನಿಮ್ಮ ಉತ್ತರಗಳನ್ನು ಗುಡಿ ಕಟ್ಟೆಯ ಮೇಲೆ ಓದಿ ಹೇಳಿದೆ. ರಸ್ತೆ ಮೇಲೆ ಕೂರೋಣ ಅಂದಿದ್ದ ಹುಡುಗರೇ ಟೇಪ್ ಹಿಡಿದರು. ಗೌಂಡಿ ಕಾಕಾ ಲೆವೆಲ್ ಪೈಪ್ ತಂದರು. ನಮ್ಮಲ್ಲಿ ಸಿಡಿ ಎತ್ತರ ಇಲ್ಲ, ಅದು ಸರಿಯಾಗೇ ಇದೆ. ಬೇರೆಯದು ಸಿಕ್ಕಿತು. ಮೇಲಿನ ಎರಡು ಓಣಿಯ ಗಟಾರ ನಮ್ಮ ಗಟಾರಕ್ಕೆ ಬಂದು ಕೂಡುತ್ತದೆ. ಮೇಲಿನ ಓಣಿಯದು 24 ಇಂಚು ಅಗಲ, ನಮ್ಮದು 15 ಇಂಚು. ನಮ್ಮದು ಹಳೆಯದು, ಅವರದು ಆಮೇಲೆ ಆದದ್ದು. ಎರಡು ವರ್ಷ ನಾವು ಹೂಳಿನ ಮೇಲೇ ಸಿಟ್ಟು ಮಾಡಿದೆವು, ಅಗಲ ಯಾರೂ ನೋಡಿರಲಿಲ್ಲ.

ಹಾಗಾಗಿ ಮೇಲಿನ ಓಣಿಯವರನ್ನೂ ಕರೆದೆವು. ಅವರಿಗೆ ನೀರಿನ ತೊಂದರೆ ಇಲ್ಲ, ಬರುತ್ತಾರೋ ಇಲ್ಲವೋ ಅಂತ ಅನುಮಾನ ಇತ್ತು. ಹನ್ನೊಂದು ಜನ ಬಂದರು. ಒಬ್ಬ ಅಜ್ಜಿ ನಮ್ಮ ಮನೆಗೆ ಬಂದು ಗೋಡೆ ಮೇಲಿನ ನೀರಿನ ಗುರುತು ಕೈಯಿಂದ ಮುಟ್ಟಿ ನೋಡಿದರು. "ಇದು ನಮ್ಮ ಮನೆ ನೀರು ಏನವಾ?" ಅಂದರು. ಅರ್ಜಿಗೆ ಮೊದಲ ಸಹಿ ಅವರದ್ದೇ.

ಅರ್ಜಿ ಟಪಾಲಿನಲ್ಲಿ ಕೊಟ್ಟು ಇನ್ವರ್ಡ್ ನಂಬರ್ ತಗೊಂಡೆವು. ಹಸ್ತಾಂತರ ಆಗಿದೆ, ವಿಚಾರಿಸಿದೆವು. ಬಡಾವಣೆ ನಕ್ಷೆಗೂ ಅರ್ಜಿ ಕೊಟ್ಟಿದ್ದೇವೆ. ನಾನು ವಾರ್ಡ್ ಸಮಿತಿ ವಿಷಯ ಕೇಳೋಕೆ ಹೋಗಿದ್ದೆ. ಮುಂದಿನ ಸಭೆಯ ದಿನ ಬರೆದುಕೊಟ್ಟರು. ನನ್ನ ಜೊತೆ ಇನ್ನಿಬ್ಬರು ಬರುತ್ತಾರೆ.

ಟೀಚರ್, ಒಂದೇ ಅನುಮಾನ. ಗಟಾರ ಅಗಲ ಮಾಡೋದು ದೊಡ್ಡ ಖರ್ಚು ಅಂತ ಎಲ್ಲರೂ ಹೇಳುತ್ತಿದ್ದಾರೆ. ಈ ಮಳೆಗಾಲಕ್ಕಂತೂ ಆಗಲ್ಲ. ಅಲ್ಲಿ ತನಕ ಏನು ಕೇಳೋಣ?

---

ಗಣಿತ ಟೀಚರ್, ಧಾರವಾಡ

ಬಹಳ ಒಳ್ಳೆ ಕೆಲಸ ಮಾಡಿದಿರಿ. 24 ಇಂಚು 15 ಇಂಚಿಗೆ ಬಂದು ಸೇರಿದರೆ ಉಕ್ಕದೆ ಏನು ಮಾಡುತ್ತದೆ?

ಎರಡು ಅರ್ಜಿ ಮಾಡಿ. ಒಂದು, ಅಗಲ ಮಾಡುವ ಕೆಲಸಕ್ಕೆ. ಅದಕ್ಕೆ ಈಗಲೇ ಎಸ್ಟಿಮೇಟ್ ಮಾಡಿಸಿಕೊಡಿ ಅಂತ ಕೇಳಿ. ಎಸ್ಟಿಮೇಟ್ ಕೈಯಲ್ಲಿದ್ದರೆ ಬಜೆಟ್ ಸಭೆಗೆ ಅದನ್ನೇ ಒಯ್ಯಬಹುದು. ಗದಗದ ಅಣ್ಣ ಹೇಳಿದ ಹಾಗೆ ಪತ್ರಿಕೆಯ ಪ್ರಕಟಣೆ ನೋಡುತ್ತಿರಿ. ಎರಡನೆಯದು ಈ ಮಳೆಗಾಲಕ್ಕೆ. ಮೇಲಿನ ಗಟಾರದ ನೀರಿನಲ್ಲಿ ಅರ್ಧ ಬೇರೆ ಕಡೆ ತಿರುಗಿಸೋಕೆ ದಾರಿ ಇದೆಯಾ ಅಂತ ಎಂಜಿನಿಯರ್ ಜೊತೆ ನಡೆದು ನೋಡಿ. ಮೇಲಿನ ಓಣಿಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಹಳೆಯ ಕಾಲದಲ್ಲಿ ನೀರು ಎಲ್ಲಿ ಹರಿಯುತ್ತಿತ್ತು ಅನ್ನೋದು ಅವರಿಗೆ ಗೊತ್ತಿರುತ್ತದೆ.

ನಿಮ್ಮ ಅಳತೆ ಹಾಳೆಯ ಮೇಲೆ ತಾರೀಖು, ಅಳೆದವರ ಹೆಸರು ಇದೆಯಾ? ಇಲ್ಲದಿದ್ದರೆ ಇವತ್ತೇ ಬರೆಸಿ. ಗೋಡೆ ಮೇಲಿನ ನೀರಿನ ಗುರುತಿಗೆ ಸುಣ್ಣ ಬಳಿಯಬೇಡಿ. ಎಂಜಿನಿಯರ್ ಬಂದು ನೋಡುವ ತನಕ ಹಾಗೇ ಇರಲಿ.